ಬಳ್ಳಿಗೆ ಕಾಯಿ ಭಾರವೇ? ತಾಯಿಯ ದೇಹವು ಗರ್ಭಸ್ಥ ಶಿಶುವನ್ನು ಕಾಯುವ ಬಗೆ

ಮನೆಯ ಸೊಸೆಗೆ ಮೂರನೆಯ ತಿಂಗಳಿನಲ್ಲಿ ಗರ್ಭ ನಿಲ್ಲದೆ ಹೋದಾಗ ನೆರೆಹೊರೆಯವರು, ಬಂಧುಬಳಗದವರು ಬಂದು ಸಮಾಧಾನ ಹೇಳುತ್ತಾರೆ. ಆ ಸಮಾಧಾನದ ನಡುವೆ ಒಂದು ಮಾತು ಅನೇಕ ವೇಳೆ ಕೇಳಿಬರುತ್ತದೆ: "ಕೂಸು ಆಕೆಯ ಮೈಗೆ ಒಗ್ಗಲಿಲ್ಲ." ಹೇಳಿದವರ ಮನಸ್ಸಿನಲ್ಲಿ ಕೆಡುಕಿರುವುದಿಲ್ಲ. ಆದರೆ ಆ ಮಾತು ಕೇಳಿಸಿಕೊಂಡ ಹೆಣ್ಣುಮಗಳ ಎದೆಯಲ್ಲಿ ಮುಳ್ಳಾಗಿ ಉಳಿಯುತ್ತದೆ. ತನ್ನ ದೇಹವೇ ತನ್ನ ಕೂಸನ್ನು ಹೊರದೂಡಿತೆಂಬ ಅಪರಾಧಭಾವ ಆಕೆಯನ್ನು ವರ್ಷಗಟ್ಟಲೆ ಕಾಡುತ್ತದೆ. ಎರಡು ಮೂರು ಬಾರಿ ಹೀಗಾಯಿತೆಂದರೆ ಮನೆಯ ಮಾತುಕತೆ ಬೇರೆಯೇ ದಾರಿ ಹಿಡಿದು, ಆಕೆಯ ಬಾಳ್ವೆಯನ್ನೇ ಅಲುಗಾಡಿಸುವುದೂ ಉಂಟು.

ಈ ಮಾತಿನಲ್ಲಿ ಎಷ್ಟು ಸತ್ಯವಿದೆ? ತಾಯಿಯ ದೇಹ ಕೂಸನ್ನು ಒಪ್ಪುವುದು ಹೇಗೆ, ಒಪ್ಪದಿರುವುದು ಯಾವಾಗ? ಕಳೆದ ಎಂಟು ದಶಕಗಳಲ್ಲಿ ವೈದ್ಯವಿಜ್ಞಾನವು ಈ ಪ್ರಶ್ನೆಗೆ ಕಂಡುಕೊಂಡಿರುವ ಉತ್ತರವನ್ನು ಸದ್ಭಕ್ತರ ಮುಂದಿಡಬೇಕೆಂದು ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ. ಗರ್ಭಿಣಿಯ ಆರೈಕೆಗೂ, ಗರ್ಭ ಕಳೆದುಕೊಂಡವಳ ಸಾಂತ್ವನಕ್ಕೂ ಈ ತಿಳಿವಳಿಕೆ ಅಗತ್ಯವೆಂಬುದು ನಮ್ಮ ನಂಬಿಕೆ.

ಒಡಹುಟ್ಟಿದವನ ಚರ್ಮವನ್ನೂ ಒಪ್ಪದ ದೇಹ

ರೋಗನಿರೋಧಕ ವ್ಯವಸ್ಥೆಯ ಮೊದಲ ಕೆಲಸವೆಂದರೆ ತನ್ನದು ಯಾವುದು, ಹೊರಗಿನದು ಯಾವುದು ಎಂದು ಗುರುತಿಸುವುದು. ನಮ್ಮ ದೇಹದ ಬಹುತೇಕ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಪ್ರೋಟೀನುಗಳಿವೆ. ಮನೆಯ ಬಾಗಿಲ ಮೇಲೆ ಬರೆದ ಹೆಸರಿನಂತೆ ಇವು ಪ್ರತಿಯೊಂದು ಜೀವಕೋಶದ ಗುರುತನ್ನು ಸಾರುತ್ತವೆ. ಈ ಗುರುತಿನ ಅರ್ಧಭಾಗ ತಾಯಿಯಿಂದ, ಅರ್ಧಭಾಗ ತಂದೆಯಿಂದ ಬರುತ್ತದೆ. ಇವುಗಳಲ್ಲಿ ಸಾವಿರಾರು ಬಗೆಗಳಿರುವುದರಿಂದ, ಒಂದೇ ಅಂಡದಿಂದ ಹುಟ್ಟಿದ ಅವಳಿಗಳನ್ನು ಬಿಟ್ಟರೆ, ಒಬ್ಬರ ಗುರುತು ಮತ್ತೊಬ್ಬರಿಗೆ ಪೂರ್ತಿಯಾಗಿ ಹೊಂದುವುದು ವಿರಳ. ಬಿಳಿ ರಕ್ತಕಣಗಳು ಈ ಗುರುತನ್ನು ನೋಡುತ್ತ ದೇಹದಲ್ಲೆಲ್ಲ ಸಂಚರಿಸುತ್ತಿರುತ್ತವೆ. ಗುರುತು ಬೇರೆಯೆಂದು ಕಂಡೊಡನೆ ಮೇಲೆರಗುತ್ತವೆ.

ಈ ಕಾವಲು ಎಷ್ಟು ಕಟ್ಟುನಿಟ್ಟಾದುದೆಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಪಷ್ಟವಾಯಿತು. ಸುಟ್ಟಗಾಯಗಳಿಗೆ ಬೇರೆಯವರ ಚರ್ಮವನ್ನು ಕಸಿ ಮಾಡಬಹುದೇ ಎಂಬುದು ಆಗ ವೈದ್ಯರ ಮುಂದಿದ್ದ ದೊಡ್ಡ ಪ್ರಶ್ನೆ. ಪ್ರಾಣಿವಿಜ್ಞಾನಿ ಪೀಟರ್ ಮೆಡಾವರ್ ಮತ್ತು ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಅವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ತೀವ್ರವಾಗಿ ಸುಟ್ಟುಕೊಂಡಿದ್ದ ಒಬ್ಬ ಹೆಣ್ಣುಮಗಳಿಗೆ ಆಕೆಯ ಸಹೋದರನ ಚರ್ಮದ ಸಣ್ಣ ತುಣುಕುಗಳನ್ನು ಕಸಿ ಮಾಡಿದರು. ಮೊದಮೊದಲು ಅವು ಅಂಟಿಕೊಂಡಂತೆ ಕಂಡರೂ ಕೆಲವು ದಿನಗಳಲ್ಲಿ ನಾಶವಾದವು. ಅದೇ ಸಹೋದರನ ಚರ್ಮವನ್ನು ಎರಡನೆಯ ಬಾರಿ ಇಟ್ಟಾಗ ಇನ್ನೂ ಬೇಗ ನಾಶವಾದವು. ದೇಹವು ಹೊರಗಿನದನ್ನು ಗುರುತಿಸಿದ್ದಷ್ಟೇ ಅಲ್ಲದೆ ಅದನ್ನು ನೆನಪಿನಲ್ಲಿಯೂ ಇಟ್ಟುಕೊಂಡಿತ್ತು. 1943ರಲ್ಲಿ ಪ್ರಕಟವಾದ ಈ ಅಧ್ಯಯನ ಅಂಗಾಂಗ ಕಸಿಯ ವಿಜ್ಞಾನಕ್ಕೆ ತಳಹದಿಯಾಯಿತು.

1954ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಮೂತ್ರಪಿಂಡದ ಕಸಿ ಮೊದಲ ಬಾರಿಗೆ ಯಶಸ್ವಿಯಾದುದು, ಕೊಟ್ಟವನೂ ಪಡೆದವನೂ ಒಂದೇ ಅಂಡದ ಅವಳಿಗಳಾಗಿದ್ದರೆಂಬ ಕಾರಣದಿಂದ. ಇಂದಿಗೂ ಬೇರೆಯವರ ಮೂತ್ರಪಿಂಡ ಪಡೆದವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಜೀವನಪರ್ಯಂತ ಸೇವಿಸಬೇಕಾಗುತ್ತದೆ.

ಇಷ್ಟು ನಿಷ್ಠುರವಾದ ಈ ದೇಹವೇ, ಅರ್ಧದಷ್ಟು ತಂದೆಯ ಗುರುತನ್ನು ಹೊತ್ತ ಒಂದು ಜೀವವನ್ನು ಯಾವ ಮಾತ್ರೆಯ ನೆರವೂ ಇಲ್ಲದೆ ಒಂಬತ್ತು ತಿಂಗಳು ಹೊತ್ತು ಸಾಕುತ್ತದೆ. ಬೇರೊಬ್ಬ ಮಹಿಳೆಯ ಅಂಡಾಣುವಿನಿಂದ ಗರ್ಭ ಧರಿಸಿದಾಗ ಕೂಸಿನ ಗುರುತು ಬಹುಮಟ್ಟಿಗೆ ಪೂರ್ತಿಯಾಗಿಯೇ ಹೊರಗಿನದು. ಆಗಲೂ ಗರ್ಭ ನಿಲ್ಲುತ್ತದೆ, ಕೂಸು ಬೆಳೆಯುತ್ತದೆ. ಬಳ್ಳಿಗೆ ಕಾಯಿ ಭಾರವೇ ಎಂದು ನಮ್ಮ ಹಿರಿಯರು ಕೇಳಿದರು. ಭಾರವಾಗಬೇಕಿತ್ತು, ಆಗುತ್ತಿಲ್ಲವೇಕೆ ಎಂದು ವಿಜ್ಞಾನಿಗಳು ಕೇಳಿದರು.

ಮೆಡಾವರ್ ಅವರ ಮೂರು ಊಹೆಗಳು

ಈ ಪ್ರಶ್ನೆಯನ್ನು ಸ್ಪಷ್ಟವಾದ ಮಾತುಗಳಲ್ಲಿ ಮೊದಲು ಎತ್ತಿದವರು ಅದೇ ಮೆಡಾವರ್. 1953ರಲ್ಲಿ ಅವರು ಇದಕ್ಕೆ ಮೂರು ಉತ್ತರಗಳನ್ನು ಊಹಿಸಿದರು. ತಾಯಿಯ ಮತ್ತು ಕೂಸಿನ ದೇಹಗಳ ನಡುವೆ ಗೋಡೆಯಂಥ ಅಡ್ಡವಿರಬೇಕು ಎಂಬುದು ಮೊದಲನೆಯದು. ಕೂಸಿನ ಜೀವಕೋಶಗಳ ಗುರುತು ಇನ್ನೂ ಬಲಿತಿರಲಿಕ್ಕಿಲ್ಲ ಎಂಬುದು ಎರಡನೆಯದು. ಗರ್ಭಿಣಿಯ ರೋಗನಿರೋಧಕ ಶಕ್ತಿ ಜಡವಾಗಿರಬೇಕು ಎಂಬುದು ಮೂರನೆಯದು. ಕಸಿ ಮಾಡಿದ ಅಂಗಾಂಶವನ್ನು ದೇಹ ಸಹಿಸುವಂತೆ ಮಾಡಬಹುದೆಂದು ತೋರಿಸಿದ್ದಕ್ಕಾಗಿ ಮುಂದೆ 1960ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಗರ್ಭದ ಕುರಿತ ಅವರ ಮೂರು ಊಹೆಗಳಲ್ಲಿ ಮೊದಲನೆಯದು ಮಾತ್ರ ಭಾಗಶಃ ನಿಂತಿತು; ಉಳಿದೆರಡು ಬಿದ್ದುಹೋದವು.

ಕೂಸಿನ ಗುರುತು ಗರ್ಭದಲ್ಲಿ ಬೇಗನೆ ಮೂಡುತ್ತದೆ. ಗರ್ಭಿಣಿಯ ರೋಗನಿರೋಧಕ ಶಕ್ತಿಯೂ ಮಲಗಿರುವುದಿಲ್ಲ. ಲಸಿಕೆ ಕೊಟ್ಟರೆ ಆಕೆಯ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ, ಸೋಂಕು ತಗುಲಿದರೆ ಹೋರಾಡುತ್ತದೆ. ಇನ್ನೂ ಅಚ್ಚರಿಯ ಸಂಗತಿಯೊಂದು 1958ರಲ್ಲಿ ಹೊರಬಿದ್ದಿತು. ಹಾಲೆಂಡಿನಲ್ಲಿ ಯಾನ್ ವಾನ್ ರೂಡ್, ಅಮೆರಿಕದಲ್ಲಿ ರೋಸ್ ಪೇನ್ ಎಂಬ ಸಂಶೋಧಕರು ಪ್ರತ್ಯೇಕವಾಗಿ ಕೆಲಸಮಾಡುತ್ತ, ಹಲವು ಬಾರಿ ಗರ್ಭ ಧರಿಸಿದ ತಾಯಂದಿರ ರಕ್ತದಲ್ಲಿ ತಂದೆಯ ಕಡೆಯ ಗುರುತನ್ನು ಹಿಡಿಯಬಲ್ಲ ಪ್ರತಿಕಾಯಗಳಿರುವುದನ್ನು ಕಂಡರು. ಮುಂದೆ ಅಂಗಾಂಗ ಕಸಿಗೆ ಮುನ್ನ ಕೊಡುವವರ ಮತ್ತು ಪಡೆಯುವವರ ಹೊಂದಾಣಿಕೆಯನ್ನು ಪರೀಕ್ಷಿಸಲು ಆಸ್ಪತ್ರೆಗಳು ದಶಕಗಳ ಕಾಲ ಬಳಸಿದುದು ಹೀಗೆ ಹೆತ್ತ ತಾಯಂದಿರ ರಕ್ತದ ಈ ಪ್ರತಿಕಾಯಗಳನ್ನೇ.

ಇದರ ಅರ್ಥವೇನು? ತಾಯಿಯ ದೇಹ ಕೂಸನ್ನು ಗುರುತಿಸಿರುತ್ತದೆ. ಅದರಲ್ಲಿ ತನ್ನದಲ್ಲದ ಅಂಶವಿದೆಯೆಂದು ಅರಿತಿರುತ್ತದೆ. ಅರಿತೂ ಕಾಪಾಡುತ್ತದೆ. ಮುಂದಿನ ಸಂಶೋಧನೆಯೆಲ್ಲ ಇದು ಹೇಗೆ ಸಾಧ್ಯವೆಂಬುದರ ಹುಡುಕಾಟವೇ ಆಗಿದೆ.

ಮಾಸು ಎಂಬ ಗಡಿ

ತಾಯಿಗೂ ಕೂಸಿಗೂ ನಡುವಿನ ಗಡಿಯೆಂದರೆ ಮಾಸು. ಹೆರಿಗೆಯ ನಂತರ ಹೊರಬೀಳುವ, ಸುಮಾರು ಅರ್ಧ ಕಿಲೋ ತೂಕದ ಈ ಅಂಗವನ್ನು ನಾವು ಹೂಳಿ ಮರೆತುಬಿಡುತ್ತೇವೆ. ಆದರೆ ಒಂಬತ್ತು ತಿಂಗಳು ಕೂಸಿನ ಶ್ವಾಸಕೋಶ, ಜಠರ, ಮೂತ್ರಪಿಂಡ ಎಲ್ಲವೂ ಅದೇ. ಮಾಸು ಬಹುಪಾಲು ಕೂಸಿನ ಕಡೆಯ ಜೀವಕೋಶಗಳಿಂದ ಬೆಳೆದುದು. ಆದುದರಿಂದ ತಾಯಿಯ ರಕ್ತ ನೇರವಾಗಿ ಮುಟ್ಟುವುದು ಕೂಸನ್ನಲ್ಲ, ಮಾಸಿನ ಈ ಜೀವಕೋಶಗಳನ್ನು.

ಮಾಸಿನ ಒಳಗೆ ಬೇರಿನಂತೆ ಕವಲೊಡೆದ ಸಾವಿರಾರು ಎಳೆಗಳಿವೆ. ತಾಯಿಯ ರಕ್ತ ಈ ಎಳೆಗಳನ್ನು ತೋಯಿಸುತ್ತ ಹರಿಯುತ್ತದೆ. ಎಳೆಗಳ ಹೊರಹೊದಿಕೆ ವಿಶೇಷವಾದುದು. ಅಲ್ಲಿ ಜೀವಕೋಶಗಳು ಒಂದರೊಳಗೊಂದು ಬೆರೆತು ಎಲ್ಲಿಯೂ ಹೊಲಿಗೆಯಿಲ್ಲದ ಒಂದೇ ಹಾಳೆಯಾಗಿವೆ. ಸಂದಿಯೇ ಇಲ್ಲದ್ದರಿಂದ ತಾಯಿಯ ಬಿಳಿ ರಕ್ತಕಣಗಳು ನುಸುಳುವುದು ಕಷ್ಟ. ಹೀಗೆ ಜೀವಕೋಶಗಳನ್ನು ಬೆಸೆಯುವ ಪ್ರೋಟೀನಿನ ಮೂಲ ಯಾವುದೆಂದು 2000ದಲ್ಲಿ ತಿಳಿದಾಗ ವಿಜ್ಞಾನಿಗಳೇ ಬೆರಗಾದರು. ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜ ಪ್ರಾಣಿಗಳಿಗೆ ತಗುಲಿದ ಒಂದು ವೈರಾಣುವಿನ ಜೀನು ವಂಶವಾಹಿಯಲ್ಲಿಯೇ ಉಳಿದು, ಇಂದು ಮಾಸನ್ನು ಕಟ್ಟುವ ಕೆಲಸ ಮಾಡುತ್ತಿದೆ.

ಈ ಹೊದಿಕೆಗೆ ಮತ್ತೊಂದು ಗುಣವಿದೆ. ಇದರ ಮೇಲೆ ಎಚ್‌ಎಲ್‌ಎ ಗುರುತುಗಳೇ ಇಲ್ಲ. ತಾಯಿಯ ಕಾವಲು ಕಣಗಳಿಗೆ ಓದಲು ಬಾಗಿಲ ಮೇಲೆ ಹೆಸರಿಲ್ಲ. ಮಾಸಿನ ಇನ್ನೊಂದು ಬಗೆಯ ಜೀವಕೋಶಗಳು ಗರ್ಭಕೋಶದ ಗೋಡೆಯೊಳಕ್ಕೆ ಬೇರಿಳಿಸುತ್ತವೆ. ಅಂಗಾಂಗ ಕಸಿಯಲ್ಲಿ ಹೆಚ್ಚು ಜಗಳಕ್ಕೆ ಕಾರಣವಾಗುವ ಎ ಮತ್ತು ಬಿ ಗುರುತುಗಳನ್ನು ಇವು ತೋರಿಸುವುದಿಲ್ಲ. ಬದಲಿಗೆ ಎಚ್‌ಎಲ್‌ಎ-ಜಿ ಎಂಬ ಅಪರೂಪದ ಗುರುತನ್ನು ತೋರಿಸುತ್ತವೆ. ಬಂದಿರುವುದು ಶತ್ರುವಲ್ಲ, ಸುಮ್ಮನಿರಿ ಎಂದು ತಾಯಿಯ ಕಣಗಳಿಗೆ ತಿಳಿಸುವ ಸಂಜ್ಞೆ ಇದು.

ಹೆಸರಿಗೆ ಹಂತಕ, ಕೆಲಸಕ್ಕೆ ಸೂಲಗಿತ್ತಿ

ಗರ್ಭದ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಒಳಪದರದಲ್ಲಿ ಬಿಳಿ ರಕ್ತಕಣಗಳು ದೊಡ್ಡ ಸಂಖ್ಯೆಯಲ್ಲಿ ನೆರೆಯುತ್ತವೆ. ಅವುಗಳಲ್ಲಿ ನೂರಕ್ಕೆ ಸುಮಾರು 70ರಷ್ಟು 'ನ್ಯಾಚುರಲ್ ಕಿಲ್ಲರ್' ಎಂಬ ಜಾತಿಗೆ ಸೇರಿದವು. ಹೆಸರು ಕೇಳಿದರೆ ಇವು ಹುಟ್ಟಾ ಕೊಲೆಗಾರರು. ರಕ್ತದಲ್ಲಿರುವ ಇವುಗಳ ಬಂಧುಗಳು ವೈರಾಣು ಹೊಕ್ಕ ಜೀವಕೋಶಗಳನ್ನೂ, ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುವುದು ನಿಜ. ಆದರೆ ಗರ್ಭಕೋಶದಲ್ಲಿ ಇವುಗಳ ವೃತ್ತಿ ಬೇರೆ.

ಕೂಸಿಗೆ ಬೇಕಾದಷ್ಟು ರಕ್ತ ಹರಿಯಬೇಕಾದರೆ ಗರ್ಭಕೋಶದ ಸುರುಳಿಯಾಕಾರದ ಕಿರಿಯ ರಕ್ತನಾಳಗಳು ಅಗಲವಾಗಬೇಕು. ಕಿರುಗಾಲುವೆಯನ್ನು ಕಡಿದು ಹಿರಿಗಾಲುವೆ ಮಾಡಿದಂತೆ ಈ ಕೆಲಸ ನಡೆಯಬೇಕು. ದಿನ ತುಂಬುವ ವೇಳೆಗೆ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯಬೇಕಾಗುತ್ತದೆ. ಮಾಸಿನ ಜೀವಕೋಶಗಳೂ ತಾಯಿಯ ಈ ಕಣಗಳೂ ಕೂಡಿ ಆ ನಾಳಗಳನ್ನು ಅಗಲಗೊಳಿಸುತ್ತವೆ. ಹಂತಕನೆಂಬ ಹೆಸರು ಹೊತ್ತ ಕಣ ಇಲ್ಲಿ ಸೂಲಗಿತ್ತಿಯ ಕೆಲಸ ಮಾಡುತ್ತದೆ.

ಈ ಕಣಗಳು ಹೆಚ್ಚು ಚುರುಕಾದರೆ ಕೂಸಿಗೆ ಅಪಾಯವೆಂದು ಬಹುಕಾಲ ಭಾವಿಸಲಾಗಿತ್ತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಆಶ್ಲಿ ಮಾಫೆಟ್ ಅವರ ತಂಡ 2004ರಲ್ಲಿ ಇದಕ್ಕೆ ವಿರುದ್ಧವಾದುದನ್ನು ಕಂಡಿತು. ತಾಯಿಯ ಈ ಕಣಗಳನ್ನು ಹೆಚ್ಚು ತಡೆಹಿಡಿಯುವಂಥ ವಂಶಗುಣಗಳ ಜೋಡಿ ತಾಯಿ ಮಕ್ಕಳಲ್ಲಿ ಕೂಡಿಬಂದಾಗ, ಗರ್ಭಿಣಿಯರ ರಕ್ತದೊತ್ತಡದ ತೊಂದರೆಯಾದ ಪ್ರಿಎಕ್ಲಾಂಪ್ಸಿಯದ ಸಂಭವ ಹೆಚ್ಚಿತ್ತು. ಈ ತೊಂದರೆಯಲ್ಲಿ ಗರ್ಭಕೋಶದ ನಾಳಗಳು ಸಾಕಷ್ಟು ಅಗಲವಾಗಿರುವುದಿಲ್ಲ. ಅಂದರೆ ಗರ್ಭ ಚೆನ್ನಾಗಿ ನಿಲ್ಲಲು ತಾಯಿಯ ರೋಗನಿರೋಧಕ ಕಣಗಳು ಸುಮ್ಮನಿದ್ದರೆ ಸಾಲದು. ಅವು ಕೆಲಸ ಮಾಡಬೇಕು.

ಜಗಳ ಬಿಡಿಸುವ ಕಣಗಳು

ಗಡಿಯಲ್ಲಿ ಎಷ್ಟೇ ಎಚ್ಚರವಿದ್ದರೂ ಕೂಸಿನ ಕೆಲವು ಜೀವಕೋಶಗಳು ತಾಯಿಯ ರಕ್ತವನ್ನು ಸೇರಿಯೇ ಸೇರುತ್ತವೆ. ಆಗ ಆಕೆಯ ಆಕ್ರಮಣಕಾರಿ ಕಣಗಳನ್ನು ತಡೆಯುವವರಾರು? ಈ ಪ್ರಶ್ನೆಗೆ ಉತ್ತರ ದೊರೆತುದು ಜಪಾನಿನ ಶಿಮೋನ್ ಸಕಾಗುಚಿ ಅವರ ಶೋಧದಿಂದ. ಬಿಳಿ ರಕ್ತಕಣಗಳಲ್ಲಿಯೇ ಇತರ ಕಣಗಳನ್ನು ಶಾಂತಗೊಳಿಸುವ ಒಂದು ಗುಂಪಿದೆಯೆಂದು ಅವರು 1995ರಲ್ಲಿ ತೋರಿಸಿದರು. ಇವುಗಳಿಗೆ ನಿಯಂತ್ರಕ ಟಿ ಕಣಗಳೆಂದು ಹೆಸರು. ಊರಿನಲ್ಲಿ ಜಗಳ ಹತ್ತಿದಾಗ ನಡುವೆ ಬಂದು ಕೈ ಹಿಡಿಯುವ ಹಿರಿಯರಂತೆ ಇವು ನಡೆದುಕೊಳ್ಳುತ್ತವೆ. ಸಕಾಗುಚಿ ಅವರಿಗೂ, ಈ ಕಣಗಳನ್ನು ರೂಪಿಸುವ ಜೀನನ್ನು ಗುರುತಿಸಿದ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೂ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆತಿದೆ.

ಗರ್ಭದಲ್ಲಿ ಇವುಗಳ ಪಾತ್ರವನ್ನು 2004ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿತು. ಈ ಕಣಗಳಿಲ್ಲದ ಹೆಣ್ಣಿಲಿಗಳಲ್ಲಿ ಬೇರೆ ತಳಿಯ ಗಂಡಿನಿಂದಾದ ಗರ್ಭ ನಿಲ್ಲಲಿಲ್ಲ. ಒಂದೇ ತಳಿಯ ಗಂಡಿನಿಂದಾದುದು ಉಳಿಯಿತು. 2012ರ ಮತ್ತೊಂದು ಅಧ್ಯಯನದಲ್ಲಿ, ಮೊದಲ ಗರ್ಭದಲ್ಲಿ ತರಬೇತಾದ ಈ ಕಣಗಳು ಹೆರಿಗೆಯ ನಂತರವೂ ಇಲಿಯ ದೇಹದಲ್ಲಿ ಉಳಿದು, ಅದೇ ಗಂಡಿನಿಂದಾದ ಎರಡನೆಯ ಗರ್ಭದಲ್ಲಿ ಬೇಗನೆ ವೃದ್ಧಿಯಾಗುವುದು ಕಂಡುಬಂದಿತು. ಗ್ಲಾಸ್ಗೋದಲ್ಲಿ ಸಹೋದರನ ಚರ್ಮವನ್ನು ನೆನಪಿಟ್ಟ ದೇಹ ಎರಡನೆಯ ಬಾರಿ ಬೇಗ ನಾಶ ಮಾಡಿತ್ತು. ಗರ್ಭದ ನೆನಪು ಹಾಗಲ್ಲ. ಅದು ಎರಡನೆಯ ಬಾರಿ ಬೇಗ ಕಾಪಾಡುತ್ತದೆ.

ಈ ಹೊಂದಾಣಿಕೆ ಒಂಬತ್ತು ತಿಂಗಳೂ ಒಂದೇ ತೆರನಾಗಿರುವುದಿಲ್ಲ. ಭ್ರೂಣ ಗರ್ಭಕೋಶದ ಗೋಡೆಯನ್ನು ಹಿಡಿದು ಬೇರೂರುವ ಮೊದಲ ವಾರಗಳಲ್ಲಿ ಅಲ್ಲಿ ಗಾಯ ಮಾಯುವಾಗ ಕಾಣುವಂಥ ಉರಿಯೂತವಿರುತ್ತದೆ. ಅದೂ ಅಗತ್ಯವೇ. ನಡುವಿನ ತಿಂಗಳುಗಳಲ್ಲಿ ಶಾಂತಿ ನೆಲೆಸಿ ಕೂಸು ಬೆಳೆಯುತ್ತದೆ. ದಿನ ತುಂಬಿದಾಗ ಮತ್ತೆ ಉರಿಯೂತ ಮೂಡಿ ಹೆರಿಗೆಯ ನೋವು ಆರಂಭವಾಗಲು ನೆರವಾಗುತ್ತದೆ.

ಹೊಂದಾಣಿಕೆಯ ಬೆಲೆ

ಈ ಹೊಂದಾಣಿಕೆಯ ಫಲವನ್ನು ಕೆಲವು ತಾಯಂದಿರು ಸ್ವತಃ ಅನುಭವಿಸುತ್ತಾರೆ. ಕೀಲುವಾತ, ಅಂದರೆ ರುಮಟಾಯ್ಡ್ ಸಂಧಿವಾತವಿರುವ ಅನೇಕರಿಗೆ ಗರ್ಭಿಣಿಯಾದಾಗ ನೋವು ತಗ್ಗುತ್ತದೆ. ಅಮೆರಿಕದ ವೈದ್ಯ ಫಿಲಿಪ್ ಹೆಂಚ್ 1930ರ ದಶಕದಲ್ಲಿ ಇದನ್ನು ಗಮನಿಸಿದರು. ಅದರ ಹಿಂದಿನ ಕಾರಣವನ್ನು ಹುಡುಕುತ್ತ ನಡೆದ ದಾರಿ ಕಾರ್ಟಿಸೋನ್ ಔಷಧಿಗೂ, 1950ರ ನೊಬೆಲ್ ಪ್ರಶಸ್ತಿಗೂ ಮುಟ್ಟಿತು. ಆದರೆ ಬಾಣಂತನದ ತಿಂಗಳುಗಳಲ್ಲಿ ಈ ನೋವು ಮರುಕಳಿಸುವುದು ಸಾಮಾನ್ಯ.

ಬೆಲೆಯೂ ಇದೆ. ಇನ್‌ಫ್ಲುಯೆಂಜಾ, ಮಲೇರಿಯಾ, ಹೆಪಟೈಟಿಸ್ ಇ ಎಂಬ ಕಾಮಾಲೆ ಗರ್ಭಿಣಿಯರಲ್ಲಿ ಉಗ್ರವಾಗಬಲ್ಲವು. 1955–56ರ ಚಳಿಗಾಲದಲ್ಲಿ ದೆಹಲಿಯ ಕುಡಿಯುವ ನೀರಿಗೆ ಕೊಳಚೆ ಸೇರಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಅದು ಹೆಪಟೈಟಿಸ್ ಇ ಎಂದು ಬಹುಕಾಲದ ನಂತರ ತಿಳಿಯಿತು. ಆಗ ಹೆಚ್ಚು ನೊಂದವರು ಗರ್ಭಿಣಿಯರು. ಕುದಿಸಿ ಆರಿಸಿದ ನೀರು, ಸೊಳ್ಳೆಪರದೆ, ಲಸಿಕೆ ಇವು ಗರ್ಭಿಣಿಗೆ ಬೇಕೇಬೇಕು. ಬಸುರಿಗೆ ಸೂಜಿ ಚುಚ್ಚಿಸಬಾರದು, ಕೂಸಿಗೆ ಕೇಡು ಎಂಬ ಹಳೆಯ ಅಂಜಿಕೆಯನ್ನು ಬಿಡಬೇಕು. ಆಕೆಯ ದೇಹ ಲಸಿಕೆಗೆ ಸ್ಪಂದಿಸುತ್ತದೆ. ಹಾಗೆ ತಯಾರಾದ ಪ್ರತಿಕಾಯಗಳು ಕೂಸಿಗೂ ತಲುಪುತ್ತವೆ.

ನಿಜವಾದ ಜಗಳವೊಂದಿದೆ: ಆರ್‌ಎಚ್ ರಕ್ತದ ಗುಂಪು

ತಾಯಿಯ ರೋಗನಿರೋಧಕ ಶಕ್ತಿ ಕೂಸಿಗೆ ಹಾನಿ ಮಾಡುವ ಸಂದರ್ಭವೂ ಇದೆ. ಅದು ಎಲ್ಲರೂ ತಿಳಿದಿರಲೇಬೇಕಾದ ಸಂಗತಿ, ಏಕೆಂದರೆ ಅದನ್ನು ತಡೆಯುವುದು ಸುಲಭ.

ತಾಯಿಯ ರಕ್ತದ ಗುಂಪು ನೆಗೆಟಿವ್ ಇದ್ದು, ತಂದೆಯಿಂದಾಗಿ ಕೂಸಿನದು ಪಾಸಿಟಿವ್ ಆಗಿದ್ದರೆ, ಹೆರಿಗೆಯ ಸಮಯದಲ್ಲಿ ಕೂಸಿನ ಕೆಂಪು ಕಣಗಳು ತಾಯಿಯ ರಕ್ತದಲ್ಲಿ ಬೆರೆಯುತ್ತವೆ. ಆಕೆಯ ದೇಹ ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಲು ಕಲಿಯಬಹುದು. ಮೊದಲ ಕೂಸು ಸಾಮಾನ್ಯವಾಗಿ ಪಾರಾಗುತ್ತದೆ. ಮುಂದಿನ ಗರ್ಭದಲ್ಲಿ ಆ ಪ್ರತಿಕಾಯಗಳು ಮಾಸನ್ನು ದಾಟಿ ಕೂಸಿನ ರಕ್ತಕಣಗಳನ್ನು ಒಡೆಯುತ್ತವೆ. ಕೂಸಿಗೆ ತೀವ್ರ ರಕ್ತಹೀನತೆ, ಕಾಮಾಲೆ, ಕೆಲವೊಮ್ಮೆ ಗರ್ಭದಲ್ಲಿಯೇ ಮರಣ ಸಂಭವಿಸುತ್ತದೆ. ಮೊದಲ ಮಗು ಗಟ್ಟಿಯಾಗಿ ಬದುಕಿ, ನಂತರದ ಮಕ್ಕಳು ಒಂದರ ಹಿಂದೊಂದು ತೀರಿಹೋದ ಹಳೆಯ ಮನೆತನದ ಕಥೆಗಳಲ್ಲಿ ಕೆಲವಕ್ಕಾದರೂ ಇದು ಕಾರಣವಿದ್ದೀತು. ಅಂದು ಅದನ್ನು ಶಾಪವೆಂದು ಕರೆದರು.

1960ರ ದಶಕದಲ್ಲಿ ನ್ಯೂಯಾರ್ಕಿನ ಮತ್ತು ಲಿವರ್‌ಪೂಲಿನ ಸಂಶೋಧಕರು ಇದಕ್ಕೆ ಪರಿಹಾರ ಕಂಡರು. ಆಂಟಿ-ಡಿ ಎಂಬ ಚುಚ್ಚುಮದ್ದನ್ನು ಸಕಾಲದಲ್ಲಿ ಕೊಟ್ಟರೆ ತಾಯಿಯ ದೇಹ ಆ ಪ್ರತಿಕಾಯಗಳನ್ನು ತಯಾರಿಸಲು ಕಲಿಯುವುದೇ ಇಲ್ಲ. 1968ರಿಂದ ಇದು ಬಳಕೆಯಲ್ಲಿದೆ. ನೆಗೆಟಿವ್ ಗುಂಪಿನ ತಾಯಿಗೆ 28ನೆಯ ವಾರದಲ್ಲಿ ಒಮ್ಮೆ, ಕೂಸು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಗಳೊಳಗೆ ಮತ್ತೊಮ್ಮೆ ಇದನ್ನು ಕೊಡುತ್ತಾರೆ. ಗರ್ಭಪಾತವಾದಾಗಲೂ ಇದು ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಮನೆಯವರು ಮರೆಯುವುದು ಹೆಚ್ಚಾಗಿ ಇಲ್ಲಿಯೇ.

ಗರ್ಭ ನಿಲ್ಲದೆ ಹೋದಾಗ

ಈಗ ಮೊದಲ ಮಾತಿಗೆ ಮರಳೋಣ. ತಿಳಿದುಬಂದ ಗರ್ಭಗಳಲ್ಲಿ ನೂರಕ್ಕೆ 10ರಿಂದ 15ರಷ್ಟು ಮೊದಲ ತಿಂಗಳುಗಳಲ್ಲಿ ನಿಲ್ಲದೆ ಹೋಗುತ್ತವೆ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಎಣಿಕೆಯಲ್ಲಾದ ವ್ಯತ್ಯಾಸ. ಅಂಡಾಣು ವೀರ್ಯಾಣುಗಳು ರೂಪುಗೊಳ್ಳುವಾಗ ಅಥವಾ ಭ್ರೂಣ ಮೊದಲು ವಿಭಜನೆಗೊಳ್ಳುವಾಗ ಆಕಸ್ಮಿಕವಾಗಿ ನಡೆಯುವ ಸಂಗತಿಯಿದು. ತಾಯಿ ಭಾರ ಎತ್ತಿದ್ದರಿಂದಾಗಲಿ, ಪರಂಗಿ ಹಣ್ಣಿನ ಹೋಳೊಂದನ್ನು ತಿಂದದ್ದರಿಂದಾಗಲಿ, ಮನಸ್ಸಿನಲ್ಲಿ ನೊಂದದ್ದರಿಂದಾಗಲಿ ಇದು ಆಗುವುದಿಲ್ಲ. ಮುಂದಿನ ಗರ್ಭ ನಿಲ್ಲುವವರೇ ಬಹುಪಾಲು.

ಪದೇಪದೇ ಗರ್ಭ ಹೋಗುವವರಲ್ಲಿ ಕೆಲವರಿಗೆ ಮಾತ್ರ ರೋಗನಿರೋಧಕ ವ್ಯವಸ್ಥೆಯ ತೊಂದರೆ ಇರುತ್ತದೆ. ಇದರಲ್ಲಿ ಖಚಿತವಾಗಿ ತಿಳಿದಿರುವುದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ತಾಯಿಯ ದೇಹದಲ್ಲಿ ತನ್ನದೇ ಅಂಗಾಂಶದ ವಿರುದ್ಧ ತಯಾರಾದ ಪ್ರತಿಕಾಯಗಳು ರಕ್ತ ಹೆಪ್ಪುಗಟ್ಟಿಸಿ ಮಾಸಿಗೆ ಧಕ್ಕೆ ತರುತ್ತವೆ. ಇಲ್ಲಿಯೂ ಆಕೆಯ ದೇಹ ಕೂಸಿನ ಮೇಲೆ ಮುನಿದಿಲ್ಲವೆಂಬುದನ್ನು ಗಮನಿಸಬೇಕು. ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ವೈದ್ಯರ ಮೇಲ್ವಿಚಾರಣೆಯಲ್ಲಿ ಅಲ್ಪ ಪ್ರಮಾಣದ ಆಸ್ಪಿರಿನ್ ಮಾತ್ರೆ ಮತ್ತು ಹೆಪಾರಿನ್ ಚುಚ್ಚುಮದ್ದು ಪಡೆದು ಅನೇಕ ತಾಯಂದಿರು ಕೂಸನ್ನು ಎತ್ತಿಕೊಂಡಿದ್ದಾರೆ.

ಇನ್ನೊಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ. ಆಕೆಯ ದೇಹ ಗಂಡನ ಅಂಶವನ್ನು ಒಪ್ಪುತ್ತಿಲ್ಲವೆಂದು ಹೇಳಿ, ಗಂಡನ ಬಿಳಿ ರಕ್ತಕಣಗಳನ್ನು ಹೆಂಡತಿಗೆ ಚುಚ್ಚುವ ಚಿಕಿತ್ಸೆಯೊಂದು ಹಿಂದೆ ಪ್ರಚಾರಕ್ಕೆ ಬಂದಿತು. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 36 ಮಂದಿಗೆ, ಪಡೆಯದವರಲ್ಲಿ ನೂರಕ್ಕೆ 48 ಮಂದಿಗೆ ಗರ್ಭ ನಿಂತಿತು. ಅಂದರೆ ಅದರಿಂದ ಲಾಭವಾಗಲಿಲ್ಲ. ಮಗುವಿನ ಹಂಬಲದಲ್ಲಿ ಹೊಲ ಮಾರಿ, ಒಡವೆ ಒತ್ತೆಯಿಟ್ಟು ಇಂಥ ಚಿಕಿತ್ಸೆಗಳ ಬೆನ್ನು ಹತ್ತುವ ಮುನ್ನ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಲೇಸು.

ಕೂಸಿಗೆ ಕಟ್ಟಿಕೊಡುವ ಬುತ್ತಿ

ಗರ್ಭದ ಕೊನೆಯ ಮೂರು ತಿಂಗಳು ತಾಯಿಯ ದೇಹ ತನ್ನ ಪ್ರತಿಕಾಯಗಳನ್ನು ಮಾಸಿನ ಮೂಲಕ ಕೂಸಿಗೆ ಸಾಗಿಸುತ್ತದೆ. ಆಕೆ ಜೀವಮಾನದಲ್ಲಿ ಎದುರಿಸಿದ ರೋಗಗಳ, ಪಡೆದ ಲಸಿಕೆಗಳ ಫಲ ಅದರಲ್ಲಿರುತ್ತದೆ. ದಿನ ತುಂಬಿ ಹುಟ್ಟಿದ ಕೂಸಿನ ರಕ್ತದಲ್ಲಿ ಈ ಪ್ರತಿಕಾಯಗಳು ತಾಯಿಯ ರಕ್ತದಲ್ಲಿರುವಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಇರುತ್ತವೆ. ದಿನ ತುಂಬುವ ಮುನ್ನ ಹುಟ್ಟಿದ ಕೂಸಿಗೆ ಈ ಬುತ್ತಿ ಕಡಿಮೆ ಸಿಗುತ್ತದೆ. ಹೆರಿಗೆಯಾದ ಮೊದಲ ದಿನಗಳ ಹಳದಿ ಬಣ್ಣದ ಗಟ್ಟಿ ಹಾಲಿನಲ್ಲಿಯೂ ಮತ್ತೊಂದು ಬಗೆಯ ಪ್ರತಿಕಾಯಗಳಿದ್ದು ಕೂಸಿನ ಕರುಳನ್ನು ಕಾಯುತ್ತವೆ. ಆ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವ, ಬದಲಿಗೆ ಜೇನುತುಪ್ಪ ನೆಕ್ಕಿಸುವ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ. ಅದು ನಿಲ್ಲಬೇಕು.

ಗರ್ಭಿಣಿಯಿರುವ ಮನೆಯವರು ನೆನಪಿಡಬೇಕಾದವು

1. ಗರ್ಭ ನಿಂತದ್ದು ತಿಳಿದೊಡನೆ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡ್ ಮಾಡಿಸಿರಿ. ಮೊದಲ ಭೇಟಿಯಲ್ಲಿಯೇ ರಕ್ತದ ಗುಂಪನ್ನು ಪರೀಕ್ಷಿಸಿ ಬರೆಸಿರಿ. ನೆಗೆಟಿವ್ ಆಗಿದ್ದರೆ ಗಂಡನ ಗುಂಪನ್ನೂ ನೋಡಿಸಿರಿ.

2. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಅದನ್ನು ಬಳಸಿಕೊಳ್ಳಿರಿ.

3. ಐದನೆಯ ತಿಂಗಳಿನ ನಂತರ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳ ಬಾವು, ಮೇಲ್ಹೊಟ್ಟೆಯ ನೋವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ ರಕ್ತದೊತ್ತಡ ನೋಡಿಸಿರಿ. ಚೊಚ್ಚಲ ಬಸುರಿಯಲ್ಲಿ ಈ ತೊಂದರೆ ಹೆಚ್ಚು.

4. ವೈದ್ಯರು ಸೂಚಿಸಿದ ಲಸಿಕೆಗಳನ್ನು ತಪ್ಪಿಸಬೇಡಿರಿ. ತವರಿಗೆ ಕಳುಹಿಸುವಾಗ ತಾಯಿ ಕಾರ್ಡನ್ನೂ ಜೊತೆಗೆ ಕಳುಹಿಸಿರಿ.

5. ಕೀಲುವಾತ, ಲೂಪಸ್ ಮುಂತಾದ ಕಾಯಿಲೆಗಳಿದ್ದವರು ಗರ್ಭ ನಿಂತಿತೆಂದು ತಾವಾಗಿ ಔಷಧಿ ಬಿಡಬಾರದು, ತಾವಾಗಿ ಮುಂದುವರಿಸಲೂ ಬಾರದು. ವೈದ್ಯರನ್ನು ಕೇಳಬೇಕು.

6. ಎರಡು ಬಾರಿ ಗರ್ಭ ಹೋಗಿದ್ದರೆ ಮೂರನೆಯದಕ್ಕೆ ಮುನ್ನ ತಜ್ಞರನ್ನು ಕಾಣಿರಿ. ಗಂಡನೂ ಜೊತೆಗೆ ಹೋಗಬೇಕು.

ಕೊನೆಯದಾಗಿ ಒಂದು ಸಂಗತಿ. 1996ರಲ್ಲಿ ಅಮೆರಿಕದ ಡಯಾನಾ ಬಿಯಾಂಕಿ ಮತ್ತು ಸಂಗಡಿಗರು ಗಂಡುಮಕ್ಕಳನ್ನು ಹೆತ್ತ ತಾಯಂದಿರ ರಕ್ತವನ್ನು ಪರೀಕ್ಷಿಸಿದರು. ಕೊನೆಯ ಬಾರಿ ಗಂಡುಮಗುವನ್ನು ಹೆತ್ತು 27 ವರ್ಷಗಳಾಗಿದ್ದ ಒಬ್ಬ ತಾಯಿಯ ರಕ್ತದಲ್ಲಿಯೂ ಆ ಮಗನವೆಂದು ತಿಳಿಯಬಹುದಾದ ಜೀವಕೋಶಗಳಿದ್ದವು. ಮಗ ಬೆಳೆದು ದೊಡ್ಡವನಾದ ಮೇಲೂ ಆಕೆಯ ದೇಹ ಆ ಕಣಗಳನ್ನು ಹೊರದೂಡಿರಲಿಲ್ಲ.

ಇದನ್ನು ತಿಳಿದ ಮೇಲೆ, ಗರ್ಭ ಕಳೆದುಕೊಂಡ ಮನೆಗೆ ಹೋದಾಗ ನಾವು ಆಡುವ ಮಾತು ಬದಲಾಗಬೇಕು. "ಕೂಸು ನಿನ್ನ ಮೈಗೆ ಒಗ್ಗಲಿಲ್ಲ" ಎನ್ನುವುದನ್ನು ಬಿಟ್ಟು, "ಇದು ನಿನ್ನ ತಪ್ಪಲ್ಲವ್ವ, ನಿನ್ನ ಮೈ ಮಾಡಬೇಕಾದುದನ್ನೆಲ್ಲ ಮಾಡಿದೆ" ಎನ್ನೋಣ. ಅದು ಬರಿಯ ಸಮಾಧಾನದ ಮಾತಲ್ಲ. ನಮಗೆ ತಿಳಿದಿರುವ ಮಟ್ಟಿಗೆ, ಬಹಳಷ್ಟು ತಾಯಂದಿರ ವಿಷಯದಲ್ಲಿ ಅದೇ ಸತ್ಯ.